ಜಗತ್ತು ನಿಮ್ಮದು ಎಂದ ದೀಪದ ಕೆಳಗೆ

1932ರ ಅಮೆರಿಕ. ಕೆಲಸ ಕಳಕೊಂಡವರು ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ. ದುಡಿಯುವ ನಾಲ್ವರಲ್ಲಿ ಹತ್ತಿರ ಹತ್ತಿರ ಒಬ್ಬನಿಗೆ ಕೆಲಸವಿಲ್ಲ. ಬ್ಯಾಂಕುಗಳು ಒಂದರ ಹಿಂದೊಂದು ಬಾಗಿಲು ಹಾಕಿ, ಕೂಲಿನಾಲಿ ಮಾಡಿ ಕೂಡಿಟ್ಟ ಕಾಸು ಮಣ್ಣುಪಾಲಾಗಿತ್ತು. ಊರಂಚಿನಲ್ಲಿ ತಗಡು, ರಟ್ಟುಗಳ ಜೋಪಡಿಗಳು ಎದ್ದವು. ಜನ ಅವಕ್ಕೆ ಆಗಿನ ಅಧ್ಯಕ್ಷ ಹೂವರನ ಹೆಸರನ್ನೇ ಹಚ್ಚಿ 'ಹೂವರ್‌ವಿಲ್' ಅಂತ ಕರೆದು ಸಿಟ್ಟು ತೀರಿಸಿಕೊಂಡರು. ಇಂಥ ವರ್ಷದಲ್ಲಿ 'ಸ್ಕಾರ್‌ಫೇಸ್' ಎಂಬ ಸಿನಿಮಾ ಬಂತು. ಕೊಲೆಗಳ ಮೇಲೆ ಕೊಲೆಗಳಿರುವ ಈ ಸಿನಿಮಾಕ್ಕೆ, ಹೊಟ್ಟೆಗೇ ಇಲ್ಲದ ಕಾಲದಲ್ಲಿ ಜನ ಚಿಲ್ಲರೆ ಎಣಿಸಿಕೊಟ್ಟು ಹೋದರು. ಯಾಕೆ ಹೋದರು?

ಸಭ್ಯರ ಉತ್ತರ ಆಗಲೂ ಸಿದ್ಧವಾಗಿತ್ತು, ಈಗಲೂ ಸಿದ್ಧವಾಗಿದೆ: ಬಡವರಿಗೆ ರಕ್ತ ನೋಡೋದು ಇಷ್ಟ, ಓದಿಲ್ಲದವರಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ನಾವು ಈ ಉತ್ತರವನ್ನು ಒಪ್ಪುವುದಿಲ್ಲ. ಕೊಲೆಗಡುಕನನ್ನು ಹೊತ್ತು ಮೆರೆಸುವುದೂ ನಮ್ಮ ಕೆಲಸವಲ್ಲ. ಆ ಸಿನಿಮಾ ಯಾವ ಊರಲ್ಲಿ, ಯಾವ ಕಾನೂನಿನ ಕೆಳಗೆ, ಯಾರ ದುಡ್ಡಿನಿಂದ ಹುಟ್ಟಿತು, ಅದನ್ನು ಕತ್ತರಿಸಲು ಹೋದವರು ಏನನ್ನು ಕತ್ತರಿಸಿದರು, ಏನನ್ನು ಅಂಟಿಸಿದರು ಅಂತ ನೋಡಿದರೆ ಸೆಳೆತದ ಗುಟ್ಟು ಅಲ್ಲೇ ಇದೆ.

ಮೊದಲು ಕತೆ. ಟೋನಿ ಕಮೋಂಟೆ ಇಟಲಿ ಮೂಲದ ಒಬ್ಬ ಪುಂಡ. ಷಿಕಾಗೊ ನಗರದಂಥದೇ ಒಂದು ಊರಲ್ಲಿ ಕಳ್ಳ ಬಿಯರಿನ ದಂಧೆ ಮಾಡುವ ಜಾನಿ ಲೋವೊ ಎಂಬವನಿಗೆ ಬಲಗೈ. ಹಳೇ ಯಜಮಾನನನ್ನು ಕೊಂದು ಲೋವೊನನ್ನು ಮೇಲೇರಿಸುತ್ತಾನೆ, ಆಮೇಲೆ ಲೋವೊನನ್ನೇ ಮುಗಿಸಿ ಅವನ ಕುರ್ಚಿ, ಅವನ ಹೆಣ್ಣು ಎರಡನ್ನೂ ತಗೊಳ್ಳುತ್ತಾನೆ. ಅವನ ಮನೆಯ ಕಿಟಕಿಯಾಚೆ ಒಂದು ಪ್ರವಾಸಿ ಕಂಪನಿಯ ಬೃಹತ್ ವಿದ್ಯುದ್ದೀಪದ ಜಾಹೀರಾತು ಉರಿಯುತ್ತಿರುತ್ತದೆ: ಜಗತ್ತು ನಿಮ್ಮದು. ಟಿಕೆಟ್ ಮಾರುವವನ ಮಾತು ಅದು. ಟೋನಿ ಅದನ್ನು ತನಗೇ ಬರೆದ ಕಾಗದ ಅಂತ ಓದಿಕೊಳ್ಳುತ್ತಾನೆ. ಕೊನೆಗೆ ಪೊಲೀಸರ ಗುಂಡಿಗೆ ಬೀದಿಯ ಕೊಳಚೆಯಲ್ಲಿ ಬಿದ್ದಾಗಲೂ ಮೇಲೆ ಆ ದೀಪ ಉರಿಯುತ್ತಲೇ ಇರುತ್ತದೆ.

ಈ ಟೋನಿ ಯಾರು ಅಂತ ಅಂದು ಯಾರೂ ಕೇಳಬೇಕಾಗಿರಲಿಲ್ಲ. ಅಲ್ ಕಪೋನನ ಕೆನ್ನೆಯ ಮೇಲಿನ ಚಾಕುವಿನ ಗಾಯದಿಂದಲೇ 'ಸ್ಕಾರ್‌ಫೇಸ್' ಎಂಬ ಅಡ್ಡಹೆಸರು ಹುಟ್ಟಿದ್ದು. 1920ರ ಜನವರಿಯಿಂದ ಅಮೆರಿಕದಾದ್ಯಂತ ಪಾನನಿರೋಧ ಜಾರಿಗೆ ಬಂತು. ಆ ಕಾಯ್ದೆಯ ಒಳಗುಟ್ಟನ್ನು ಗಮನಿಸಬೇಕು. ಕುಡಿಯುವುದು ಅಪರಾಧವಾಗಿರಲಿಲ್ಲ, ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧ. ಕಾಯ್ದೆ ಬರುವ ಮುಂಚೆ ಕೊಂಡು ಮನೆಯಲ್ಲಿ ಇಟ್ಟುಕೊಂಡದ್ದು ಸಕ್ರಮ. ದುಡ್ಡಿದ್ದವರು ನೆಲಮಾಳಿಗೆ ತುಂಬಿಸಿಕೊಂಡು ಹಾಯಾಗಿ ಕೂತರು. ಸಂಜೆ ಕೂಲಿ ಮುಗಿಸಿ ಒಂದು ಲೋಟ ಬಿಯರ್ ಕುಡಿಯುತ್ತಿದ್ದ ಜರ್ಮನ್, ಐರಿಷ್, ಇಟಾಲಿಯನ್ ಕಾರ್ಮಿಕನ ಪಡಖಾನೆಗೆ ಬೀಗ ಬಿತ್ತು. ಈ ಕಾಯ್ದೆಯ ಬೆನ್ನಿಗೆ ನಿಂತವರಲ್ಲಿ ಕರಿಯರನ್ನು ಬೇಟೆಯಾಡುತ್ತಿದ್ದ ಕೂ ಕ್ಲಕ್ಸ್ ಕ್ಲಾನೂ ಇತ್ತು ಎಂಬುದು ಆಕಸ್ಮಿಕವಲ್ಲ. ಅವರಿಗೆ ಹೆಂಡದ ಮೇಲಿನ ದ್ವೇಷಕ್ಕಿಂತ ಹೆಂಡ ಕುಡಿಯುವ ಹೊರಗಿನವನ ಮೇಲೆ ದ್ವೇಷ ಹೆಚ್ಚು.

ಬೀಗ ಬಿದ್ದಲ್ಲಿ ಕಳ್ಳಬಾಗಿಲು ತೆರೆಯಿತು. ಕಪೋನ್ ಆ ಬಾಗಿಲ ಯಜಮಾನನಾದ. 1924ರ ಏಪ್ರಿಲ್ 1ರಂದು ಷಿಕಾಗೊ ಪಕ್ಕದ ಸಿಸೆರೊ ಪಟ್ಟಣದ ಚುನಾವಣೆಯಲ್ಲಿ ಅವನ ಗುಂಪು ಮತಗಟ್ಟೆಗಳಿಗೆ ಬಂದೂಕು ಹಿಡಿದು ಹೋಗಿ ತನಗೆ ಬೇಕಾದವರನ್ನು ಗೆಲ್ಲಿಸಿತು. 1929ರ ಫೆಬ್ರವರಿ 14ರಂದು ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಸುಟ್ಟರು. ಆ ಹತ್ಯಾಕಾಂಡಕ್ಕೆ ಯಾರಿಗೂ ಶಿಕ್ಷೆಯಾಗಲಿಲ್ಲ. ಕೊನೆಗೆ 1931ರ ಅಕ್ಟೋಬರಿನಲ್ಲಿ ಕಪೋನನಿಗೆ ಹನ್ನೊಂದು ವರ್ಷ ಜೈಲಾಯಿತು. ಕೊಲೆಗಲ್ಲ, ವರಮಾನ ತೆರಿಗೆ ಕಟ್ಟದ್ದಕ್ಕೆ. ಹೆಣಗಳ ಲೆಕ್ಕ ಸಿಗದ ಪ್ರಭುತ್ವಕ್ಕೆ ಕಾಸಿನ ಲೆಕ್ಕ ಮಾತ್ರ ಸರಿಯಾಗಿ ಸಿಕ್ಕಿತು ನೋಡಿ!

ಇದರ ನಡುವೆ 1930ರಲ್ಲಿ ಅದೇ ಷಿಕಾಗೊದ ಬೀದಿಯಲ್ಲಿ ಕಪೋನ್ ಗಂಜಿಕೇಂದ್ರ ತೆರೆದ. ಸಾವಿರಾರು ನಿರುದ್ಯೋಗಿಗಳು ಸಾಲುಗಟ್ಟಿ ನಿಂತು ಅವನ ಸೂಪು, ಬ್ರೆಡ್ಡು, ಕಾಫಿ ತಗೊಂಡರು. ಅದೇ ಊರಿನ ಸರ್ಕಾರ ತನ್ನ ಶಾಲಾ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳ ಕೊಡದೆ, ಕಾಸಿನ ಬದಲು ಚೀಟಿ ಹಂಚುತ್ತಿತ್ತು. 1933ರ ಏಪ್ರಿಲಿನಲ್ಲಿ ತಾಳ್ಮೆಗೆಟ್ಟ ಶಿಕ್ಷಕರು ಸಾವಿರಗಟ್ಟಲೆ ಸೇರಿ ಮೆರವಣಿಗೆ ಹೊರಟು ಬ್ಯಾಂಕುಗಳ ಒಳಗೇ ನುಗ್ಗಿದರು. ನಮ್ಮ ಓದುಗರಲ್ಲಿ ಮೇಷ್ಟರುಗಳು ಬಹಳ ಇದ್ದಾರೆ, ಅವರಿಗಾಗಿ ಈ ಮಾತು. ಕಪೋನನ ಗಂಜಿ ಧರ್ಮದ್ದಾಗಿರಲಿಲ್ಲ. ಬಡವನ ಕಿಸೆಯಿಂದಲೇ ಎತ್ತಿದ ದುಡ್ಡಿನಲ್ಲಿ ಒಂದು ಸೌಟು ವಾಪಸು ಬಡಿಸಿ ಹೆಸರು ಗಳಿಸುವ ಯಜಮಾನಿಕೆ ಅದು. ಆದರೂ ಸಾಲಿನಲ್ಲಿ ನಿಂತವನ ಕಣ್ಣಿನಿಂದ ನೋಡಿ. ಕಾನೂನು ಪಾಲಿಸಿದ ಬ್ಯಾಂಕು ಅವನ ಉಳಿತಾಯ ನುಂಗಿದೆ. ಕಾನೂನು ಮುರಿದವನು ಸೂಪು ಹಾಕುತ್ತಿದ್ದಾನೆ. ಅವನು ಯಾವ ನೀತಿಪಾಠವನ್ನು ನಂಬಬೇಕು?

ಸಿನಿಮಾ ಬಿತ್ತಿದ್ದು ಈ ನೆಲದಲ್ಲಿ. 1931ರ ಜನವರಿಯಲ್ಲಿ 'ಲಿಟ್ಲ್ ಸೀಸರ್', ಏಪ್ರಿಲಿನಲ್ಲಿ 'ದಿ ಪಬ್ಲಿಕ್ ಎನಿಮಿ' ಬಂದು ಭಾರೀ ಜನ ನೋಡಿದ್ದರು. ಮೂರನೆಯದಾಗಿ ಬಂದದ್ದು 'ಸ್ಕಾರ್‌ಫೇಸ್'. ನಿರ್ದೇಶಕ ಹೊವರ್ಡ್ ಹಾಕ್ಸ್. ದುಡ್ಡು ಹಾಕಿದವನು ಹೊವರ್ಡ್ ಹ್ಯೂಸ್, ಎಣ್ಣೆಬಾವಿ ಕೊರೆಯುವ ಉಪಕರಣದ ಕಾರ್ಖಾನೆಯನ್ನು ಅಪ್ಪನಿಂದ ಪಡೆದ ಟೆಕ್ಸಾಸಿನ ಸಿರಿವಂತ. ಕತೆ ಬರೆದವನು ಬೆನ್ ಹೆಕ್ಟ್, ಷಿಕಾಗೊದ ಪತ್ರಿಕೆಗಳಲ್ಲಿ ವರದಿಗಾರನಾಗಿ ಗಲ್ಲಿಗಲ್ಲಿ ತಿರುಗಿದವನು. ಸಿನಿಮಾ ತಮ್ಮ ಯಜಮಾನನ ಬಗ್ಗೆಯೇ ಅಂತ ವಿಚಾರಿಸಲು ಕಪೋನನ ಆಳುಗಳು ತನ್ನ ಕೋಣೆಗೇ ಬಂದಿದ್ದರು, ಮಾತಿನಲ್ಲೇ ಅವರನ್ನು ಸಾಗಹಾಕಿದೆ ಅಂತ ಹೆಕ್ಟ್ ಬರೆದುಕೊಂಡಿದ್ದಾನೆ. ಪತ್ರಕರ್ತರ ಆತ್ಮಕತೆ ಅದು, ಎಷ್ಟು ನಂಬಬೇಕೋ ಅಷ್ಟು ನಂಬಿ. ಟೋನಿಯಾಗಿ ನಟಿಸಿದವನು ಪಾಲ್ ಮುನಿ. ನಮ್ಮ ಕಿವಿಗೆ ಋಷಿಯ ಹೆಸರು, ಪಾತ್ರ ಕೊಲೆಗಡುಕನದು! ಮುನಿ 1895ರಲ್ಲಿ ಯೂರೋಪಿನ ಲೆಂಬರ್ಗ್ ಊರಲ್ಲಿ ಹುಟ್ಟಿದ ಯಹೂದಿ. ಚಿಕ್ಕವನಿದ್ದಾಗಲೇ ವಲಸೆ ಬಂದು ಯಿಡ್ಡಿಷ್ ಭಾಷೆಯ ನಾಟಕ ಕಂಪನಿಗಳಲ್ಲಿ ಬೆಳೆದವನು. 'ಲಿಟ್ಲ್ ಸೀಸರ್' ನಾಯಕ ಎಡ್ವರ್ಡ್ ಜಿ. ರಾಬಿನ್ಸನ್ ರುಮೇನಿಯಾದಿಂದ ಬಂದ ಯಹೂದಿ. 'ಪಬ್ಲಿಕ್ ಎನಿಮಿ'ಯ ಜೇಮ್ಸ್ ಕ್ಯಾಗ್ನಿ ನ್ಯೂಯಾರ್ಕಿನ ಬಡ ಐರಿಷ್ ಮನೆಯ ಹುಡುಗ. ಅಮೆರಿಕದ ಬೆಳ್ಳಿಪರದೆ ಅಲ್ಲಿಯವರೆಗೆ ಇಂಥ ಮುಖಗಳನ್ನು, ಇಂಥ ಉಚ್ಚಾರವನ್ನು ನಗೆಪಾಟಲಿಗಲ್ಲದೆ ಬಳಸಿದ್ದು ಕಮ್ಮಿ.

ಸಿನಿಮಾ ಮಾತಾಡಲು ಕಲಿತು ಆಗಿನ್ನೂ ನಾಲ್ಕೈದು ವರ್ಷ. ಇದನ್ನು ಮರೆತರೆ ಸೆಳೆತ ಅರ್ಥವಾಗುವುದಿಲ್ಲ. ಮಷೀನ್‌ಗನ್ನಿನ ಸದ್ದು, ಕಾರಿನ ಟೈರು ಕಿರ್ರೆನ್ನುವುದು ಎಲ್ಲ ಹೊಸದು. ಅದಕ್ಕಿಂತ ಹೊಸದು ಗಲ್ಲಿಯವನ ಮಾತು. ಶಾಲೆಯಲ್ಲಿ ಮೇಡಂ ತಿದ್ದಿ ತಿದ್ದಿ ನಾಚಿಕೆ ಹುಟ್ಟಿಸಿದ್ದ ಒರಟು ಇಂಗ್ಲಿಷನ್ನೇ ಟೋನಿ ಪರದೆಯ ಮೇಲೆ ನಿಂತು ಮಾತಾಡುತ್ತಾನೆ, ಎದುರಿಗಿದ್ದವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ತನ್ನ ಭಾಷೆ ಆಡಿದರೆ ನಗುವ ಊರಲ್ಲಿ ಬೆಳೆದವರಿಗೆ ಇದೆಂಥ ಸುಖ ಅಂತ ಬಿಡಿಸಿ ಹೇಳಬೇಕೆ?

ಒಂದು ದೃಶ್ಯವಿದೆ. ದುಡ್ಡು ಬಂದ ಹೊಸದರಲ್ಲಿ ಟೋನಿ ತನ್ನ ಹೊಸ ಅಂಗಿಗಳನ್ನು ಪಾಪಿ ಎಂಬ ಹೆಂಗಸಿಗೆ ತೋರಿಸುತ್ತಾನೆ. ಒಂದೊಂದನ್ನೂ ಒಂದೇ ಸಲ ಹಾಕ್ತೀನಿ ಅಂತ ಹೇಳಿಕೊಳ್ಳುತ್ತಾನೆ. ಅವಳು ಅವನ ಡೌಲು ನೋಡಿ, ಬಹಳ ಝಗಮಗ ಆಯ್ತಲ್ಲ ಅಂತ ಚುಚ್ಚುತ್ತಾಳೆ. ಅವನು ಅದನ್ನು ಹೊಗಳಿಕೆ ಅಂದುಕೊಂಡು ಹಿಗ್ಗುತ್ತಾನೆ. ಮೇಲುವರ್ಗದ ಪ್ರೇಕ್ಷಕ ಅಲ್ಲಿ ನಕ್ಕಿರಬೇಕು. ಒಂದೇ ಅಂಗಿಯನ್ನು ಒಗೆದು ಒಗೆದು ಹಾಕಿಕೊಂಡವನು ನಗುವುದು ಬೇರೆ ಥರ. ಇನ್ನೊಂದು ಕಡೆ ಟೋನಿ ಸೂಟು ತೊಟ್ಟು ನಾಟಕ ನೋಡಲು ಹೋಗುತ್ತಾನೆ. ಕೊನೆಯ ಅಂಕಕ್ಕೆ ಮುಂಚೆ ಒಂದು ಕೊಲೆಗೆ ಎದ್ದು ಹೋಗಬೇಕಾಗುತ್ತದೆ. ಕತೆ ಏನಾಯಿತು ಅಂತ ತಿಳಿಯಲು ಒಬ್ಬನನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ಕೊಲೆ ಮುಗಿದ ಮೇಲೆ ನಾಟಕದ ಕೊನೆ ಕೇಳುತ್ತಾನೆ, ನಿಜವಾದ ಆಸಕ್ತಿಯಿಂದ!

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸುವವನು ಏಂಜೆಲೊ. ಟೋನಿ ದೊಡ್ಡವನಾದ ಮೇಲೆ ದೊಡ್ಡವರ ಹಾಗೆ ಒಬ್ಬ ಸೆಕ್ರೆಟರಿ ಬೇಕಲ್ಲ? ಏಂಜೆಲೊನನ್ನು ಇಟ್ಟುಕೊಂಡ. ಅವನಿಗೆ ಓದು ಬರಹ ಬಾರದು, ಟೆಲಿಫೋನಿನಲ್ಲಿ ಮಾತಾಡುವುದೂ ಬಾರದು. ಫೋನ್ ಮಾಡಿದವರ ಹೆಸರು ಕೇಳಿ ತಿಳಕೊಳ್ಳಲಾರದೆ ಸಿಟ್ಟಿಗೆದ್ದು ಫೋನಿಗೇ ಪಿಸ್ತೂಲು ತೋರಿಸುತ್ತಾನೆ. ಚಿತ್ರಮಂದಿರ ಗೊಳ್ಳೆನ್ನುವ ಜಾಗ. ಆದರೆ ಸಿನಿಮಾದ ಕೊನೆಗೆ ಹೊಟ್ಟೆಗೆ ಗುಂಡು ಬಿದ್ದು ಏಂಜೆಲೊ ಸಾಯುವ ಹೊತ್ತಿನಲ್ಲಿ ಫೋನ್ ಬರುತ್ತದೆ. ಗೋಡೆ ಹಿಡಿದು ಹೋಗಿ ಎತ್ತಿಕೊಳ್ಳುತ್ತಾನೆ, ಕರೆದವರ ಹೆಸರು ಕೇಳಿ ತಿಳಕೊಳ್ಳುತ್ತಾನೆ, ಯಜಮಾನನಿಗೆ ತಿಳಿಸಿ ಸಾಯುತ್ತಾನೆ. ತನಗೆ ವಹಿಸಿದ ಕೆಲಸವನ್ನು ಜೀವಮಾನದಲ್ಲಿ ಒಂದೇ ಸಲ ಸರಿಯಾಗಿ ಮಾಡಿದ ತೃಪ್ತಿ ಅವನ ಮುಖದಲ್ಲಿದೆ. ಅಕ್ಷರ ಸಿಗದವನ ಇಂಥ ಸಾವನ್ನು ನಗೆಯಿಂದ ಶುರುಮಾಡಿ ಎಲ್ಲಿಗೆ ತಂದು ಬಿಡುತ್ತಾರೆ ನೋಡಿ. ಸೆಳೆತ ಬರೀ ಬಂದೂಕಿನದು ಅನ್ನುವವರು ಏಂಜೆಲೊನನ್ನು ನೋಡಿಯೇ ಇಲ್ಲ.

ಟೋನಿಯ ತಂಗಿ ಚೆಸ್ಕಾ ವಿಷಯಕ್ಕೆ ಬಂದರೆ ನಮ್ಮ ಮೆಚ್ಚುಗೆ ನಿಲ್ಲುತ್ತದೆ. ಊರೆಲ್ಲ ತನ್ನದು ಅನ್ನುವವನು ತಂಗಿ ಒಬ್ಬ ಗಂಡಸಿನ ಜೊತೆ ಕುಣಿದರೆ ಅವಳ ಮೇಲೆ ಕೈಮಾಡುತ್ತಾನೆ. ತನ್ನ ಆಪ್ತ ಗೆಳೆಯ ಗ್ವಿನೊ ಅವಳ ಕೋಣೆಯಲ್ಲಿದ್ದುದನ್ನು ಕಂಡು ಒಂದು ಮಾತೂ ಕೇಳದೆ ಗುಂಡು ಹೊಡೆಯುತ್ತಾನೆ. ಅವರಿಬ್ಬರೂ ಮದುವೆಯಾಗಿದ್ದರು ಅಂತ ಆಮೇಲೆ ತಿಳಿಯುತ್ತದೆ. ಇಟಲಿಯ ಹಳೇ ಬೋರ್ಜಿಯಾ ಮನೆತನದ ಅಣ್ಣತಂಗಿಯರನ್ನು ಷಿಕಾಗೊಕ್ಕೆ ತಂದಿಟ್ಟೆವು ಅಂತ ಹಾಕ್ಸ್ ಹೇಳುತ್ತಿದ್ದ. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಬೀದಿಯಲ್ಲಿ ಕಟ್ಟುಪಾಡು ಮುರಿದು ಮನೆಯಲ್ಲಿ ಅದೇ ಕಟ್ಟುಪಾಡನ್ನು ಹೆಣ್ಣಿನ ಕೊರಳಿಗೆ ಬಿಗಿಯುವ ಗಂಡಸರು ಎಲ್ಲ ಊರಲ್ಲೂ ಇದ್ದಾರೆ. ಚಿತ್ರಮಂದಿರದಲ್ಲಿ ಟೋನಿಗೆ ಚಪ್ಪಾಳೆ ಹೊಡೆದ ಕೈಗಳಲ್ಲಿ ಮನೆಗೆ ಹೋಗಿ ತಂಗಿಯ ಮೇಲೆ ಎತ್ತಿದ ಕೈಗಳೂ ಇದ್ದಾವು. ಈ ಭಾಗವೂ ಸೆಳೆತವೇ, ಅದನ್ನು ಬಚ್ಚಿಡಬಾರದು.

ಇನ್ನು ಕತ್ತರಿಯವರ ಕತೆ. ಅಮೆರಿಕದ ಸುಪ್ರೀಂ ಕೋರ್ಟು 1915ರಲ್ಲೇ ಸಿನಿಮಾ ಒಂದು ವ್ಯಾಪಾರ, ಅದಕ್ಕೆ ವಾಕ್‌ಸ್ವಾತಂತ್ರ್ಯ ಅನ್ವಯಿಸದು ಅಂತ ತೀರ್ಪು ಕೊಟ್ಟಿತ್ತು. 1952ರವರೆಗೆ ಅದೇ ನಡೆಯಿತು. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಓಹಾಯೊಗಳಲ್ಲಿ ರಾಜ್ಯದ ಸೆನ್ಸಾರ್ ಮಂಡಳಿಗಳಿದ್ದವು. ಷಿಕಾಗೊದಲ್ಲಂತೂ 1907ರಿಂದ ಸಿನಿಮಾ ನೋಡಿ ಪರವಾನಗಿ ಕೊಡುವ ಅಧಿಕಾರ ಪೊಲೀಸರ ಕೈಲಿತ್ತು. ಪೊಲೀಸರ ಲಂಚದ ಕತೆಯನ್ನು ಪೊಲೀಸರೇ ನೋಡಿ ಪಾಸು ಮಾಡಬೇಕು! ಇದರ ಮೇಲೆ ಚಿತ್ರೋದ್ಯಮದ ಧಣಿಗಳೇ ಕಟ್ಟಿಕೊಂಡ ಹೇಸ್ ಕಚೇರಿ ಬೇರೆ. 1931ರಲ್ಲೇ ತಯಾರಾಗಿದ್ದ 'ಸ್ಕಾರ್‌ಫೇಸ್' ಇವರ ಜೊತೆಗಿನ ಜಗ್ಗಾಟದಿಂದಾಗಿ ತೆರೆಗೆ ಬಂದದ್ದು 1932ರಲ್ಲಿ.

ಹೆಸರಿನ ಜೊತೆ 'ರಾಷ್ಟ್ರದ ಕಳಂಕ' ಅಂತ ಬಾಲ ಅಂಟಿಸಿದರು. ಮೊದಲಿಗೆ ಉಪದೇಶದ ಬರಹ ಹಾಕಿದರು. ಪೊಲೀಸರ ಗುಂಡಿಗೆ ಬೀದಿಯಲ್ಲಿ ಸಾಯುವುದು ಸಾಲದು ಅಂತ, ಟೋನಿಯನ್ನು ಕೋರ್ಟಿಗೆ ತಂದು, ನ್ಯಾಯಾಧೀಶನಿಂದ ಬೈಯಿಸಿ, ಗಲ್ಲಿಗೇರಿಸುವ ಇನ್ನೊಂದು ಕೊನೆಯನ್ನು ಚಿತ್ರಿಸಿದರು. ಆ ಹೊತ್ತಿಗೆ ಮುನಿ ಇರಲಿಲ್ಲ. ಗಲ್ಲಿನ ದೃಶ್ಯದಲ್ಲಿ ಟೋನಿಯ ಮುಖವೇ ಇಲ್ಲ. ಮುಖವಿಲ್ಲದವನನ್ನು ಗಲ್ಲಿಗೇರಿಸಿ ನೀತಿ ಉಳಿಸಿದರು.

ಎಲ್ಲಕ್ಕಿಂತ ಹೇಸಿಗೆಯದು ನಡುವೆ ತುರುಕಿದ ಒಂದು ದೃಶ್ಯ. ಹಾಕ್ಸ್ ಅದನ್ನು ಚಿತ್ರಿಸಲೂ ಇಲ್ಲ, ಬೇರೆಯವರಿಂದ ಮಾಡಿಸಿದರು. ಪತ್ರಿಕೆಯೊಂದರ ಮಾಲೀಕನ ಕೋಣೆಗೆ ಊರ ಗಣ್ಯರು ಬರುತ್ತಾರೆ. ಗ್ಯಾಂಗ್‌ಸ್ಟರುಗಳು ಈ ದೇಶಕ್ಕೆ ಸೇರಿದವರೇ ಅಲ್ಲ, ಅರ್ಧಕ್ಕರ್ಧ ಪೌರರೇ ಅಲ್ಲ, ಗಡೀಪಾರಿನ ಕಾಯ್ದೆಗೆ ಹಲ್ಲು ಕೊಡಿ, ಬೇಕಾದರೆ ಸೈನಿಕ ಆಡಳಿತ ತನ್ನಿ ಎಂಬ ಮಾತು ಅಲ್ಲಿ ಬರುತ್ತದೆ. ಪಕ್ಕದಲ್ಲಿ ಒಬ್ಬ ಇಟಾಲಿಯನ್ನನನ್ನು ನಿಲ್ಲಿಸಿ, ಹೌದು ಇವರು ನಮ್ಮ ಜನಕ್ಕೆ ಅವಮಾನ ಅಂತ ಅವನ ಬಾಯಿಂದಲೇ ಹೇಳಿಸುತ್ತಾರೆ. ಈ ಕಸುಬನ್ನು ನಾವು ಬಲ್ಲೆವು. ಹೊಡೆಸಿಕೊಂಡವರೊಳಗೆ ಒಬ್ಬನನ್ನು ಆರಿಸಿ ಹೊಡೆದವನ ಪರ ಸಾಕ್ಷಿ ಹೇಳಿಸುವುದು.

ಸತ್ಯ ಏನು? ಕಪೋನ್ ಹುಟ್ಟಿದ್ದು 1899ರ ಜನವರಿ 17ರಂದು, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ. ಹುಟ್ಟಿನಿಂದಲೇ ಅಮೆರಿಕದ ಪೌರ. ಅವನನ್ನು ಅಮೆರಿಕವೇ ಹೆತ್ತಿತ್ತು, ಅಮೆರಿಕದ ಕಾಯ್ದೆಯೇ ಸಾಕಿತ್ತು. ಆದರೆ ಆ ಹೊತ್ತಿಗಾಗಲೇ 1924ರ ವಲಸೆ ಕಾಯ್ದೆ ಬಂದು, ಹಿಂದೆ ವರ್ಷಕ್ಕೆ ಎರಡು ಲಕ್ಷಕ್ಕೂ ಮೇಲೆ ಬರುತ್ತಿದ್ದ ಇಟಾಲಿಯನ್ನರಿಗೆ ವರ್ಷಕ್ಕೆ 3,845 ಅಂತ ಮಿತಿ ಹಾಕಿತ್ತು. ಏಷ್ಯಾದವರಿಗೆ ಅದೂ ಇಲ್ಲ. ಅಂದಹಾಗೆ, 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬ ನಮ್ಮ ದೇಶದವನು, ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ, ಪೌರತ್ವ ಕೊಡಿ ಅಂತ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ವಾದ ಹೂಡಿ ಸೋತಿದ್ದ. ಜಾತಿಯ ಹಳೇ ನಾಣ್ಯ ಆ ಅಂಗಡಿಯಲ್ಲಿ ಚಲಾವಣೆಯಾಗಲಿಲ್ಲ. ಇರಲಿ. ಅಪರಾಧ ಹುಟ್ಟಿನಲ್ಲಿದೆ, ರಕ್ತದಲ್ಲಿದೆ ಎಂಬುದನ್ನು ಬ್ರಿಟಿಷರು ನಮ್ಮಲ್ಲಿ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿ ಬರೆದಿಟ್ಟರು. ಹಾಲಿವುಡ್ ಅದೇ ಮಾತನ್ನು ಒಂದು ದೃಶ್ಯ ಮಾಡಿ ಸಿನಿಮಾದ ನಡುವೆ ಬೆಸೆಯಿತು. ಈ ದೃಶ್ಯ ಇಲ್ಲದ 'ಸ್ಕಾರ್‌ಫೇಸ್' ನೋಡಿದವನು, ಇಂಥವನು ಹುಟ್ಟುವುದು ಎಲ್ಲಿ ಅಂತ ಕೇಳಿಯಾನು. ದೃಶ್ಯ ಸೇರಿಸಿದ ಮೇಲೆ ಉತ್ತರ ಸಿದ್ಧ: ಹಡಗಿನಲ್ಲಿ ಬಂದ.

ಎಲ್ಲಿ ಅಂತ ಆಗಲೇ ಒಬ್ಬ ಹುಡುಕಿ ಬರೆದಿದ್ದ. ಫ್ರೆಡೆರಿಕ್ ಥ್ರಾಷರ್ ಎಂಬ ಸಮಾಜಶಾಸ್ತ್ರಜ್ಞ 1927ರಲ್ಲಿ ಷಿಕಾಗೊದ 1,313 ಗ್ಯಾಂಗುಗಳನ್ನು ಕುರಿತು ಪುಸ್ತಕ ಮಾಡಿದ. ರೈಲುಹಳಿ, ಕಾರ್ಖಾನೆ, ಮುರುಕು ಮನೆಗಳ ನಡುವಿನ ಯಾರಿಗೂ ಬೇಡದ ಜಾಗಗಳಲ್ಲಿ ಇವು ಬೆಳೆಯುತ್ತವೆ ಅಂತ ತೋರಿಸಿದ. ಅದನ್ನು ಓದಿದ ಯಾವ ಸೆನ್ಸಾರಿನವನೂ ಪತ್ರಿಕಾ ಮಾಲೀಕನ ಆ ಭಾಷಣವನ್ನು ಪಾಸು ಮಾಡುತ್ತಿರಲಿಲ್ಲ.

ಈ ಸಿನಿಮಾದಲ್ಲಿ ಯಾರಿಲ್ಲ ಎಂಬುದನ್ನೂ ಹೇಳಬೇಕು. ಕಪೋನನ ದರ್ಬಾರು ನಡೆಯುತ್ತಿದ್ದ ಷಿಕಾಗೊದ ದಕ್ಷಿಣ ಭಾಗದಲ್ಲೇ ಕರಿಯರ ಕೇರಿ ಇತ್ತು. ಮೊದಲ ಮಹಾಯುದ್ಧದ ಕಾಲದಿಂದ ದಕ್ಷಿಣದ ಹತ್ತಿ ಹೊಲಗಳನ್ನು ಬಿಟ್ಟು ಸಾವಿರ ಸಾವಿರ ಕರಿಯರು ಅಲ್ಲಿಗೆ ಬಂದಿದ್ದರು. 1919ರ ಜುಲೈ 27ರಂದು ಯೂಜೀನ್ ವಿಲಿಯಮ್ಸ್ ಎಂಬ ಕರಿಯ ಹುಡುಗ ಮಿಷಿಗನ್ ಸರೋವರದಲ್ಲಿ ಈಜುತ್ತ ಈಜುತ್ತ ಬಿಳಿಯರ ಪಾಲಿನ ನೀರಿನತ್ತ ಹೋದ. ದಡದಿಂದ ಕಲ್ಲು ಬಿತ್ತು. ಮುಳುಗಿ ಸತ್ತ. ನೀರಿನ ಮೇಲೆ ಗೆರೆ ಎಳೆಯುವುದು ಅಂದರೆ ಏನು ಅಂತ ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಆಮೇಲೆ ನಡೆದ ಗಲಭೆಯಲ್ಲಿ 38 ಜನ ಸತ್ತರು, ಅವರಲ್ಲಿ 23 ಮಂದಿ ಕರಿಯರು. ಕರಿಯರ ಮೇಲೆ ಬಿದ್ದವರಲ್ಲಿ ಮುಂದಿದ್ದವು 'ಅಥ್ಲೆಟಿಕ್ ಕ್ಲಬ್'ಗಳೆಂಬ ಹೆಸರಿನ ಬಿಳಿ ಹುಡುಗರ ಗ್ಯಾಂಗುಗಳು, ಅದರಲ್ಲೂ ರೇಗನ್ಸ್ ಕೋಲ್ಟ್ಸ್ ಎಂಬುದು. ವಿಚಾರಣಾ ಆಯೋಗ 1922ರಲ್ಲಿ ಇದನ್ನು ಬರೆದಿಟ್ಟಿತು. ಈ ಕ್ಲಬ್ಬುಗಳನ್ನು ಸಾಕುತ್ತಿದ್ದವರು ವಾರ್ಡಿನ ರಾಜಕಾರಣಿಗಳು. ಅಂಥದೇ ಹ್ಯಾಂಬರ್ಗ್ ಕ್ಲಬ್ಬಿನ ಹುಡುಗ ರಿಚರ್ಡ್ ಡೇಲಿ ಮುಂದೆ 1955ರಿಂದ 1976ರವರೆಗೆ ಷಿಕಾಗೊದ ಮೇಯರನಾಗಿದ್ದ.

ಅಂದರೆ ಗ್ಯಾಂಗಿನ ಮುಷ್ಟಿ ಬಿಯರ್ ಲಾರಿಗಳ ಮೇಲೆ ಬೀಳುವ ಮುಂಚೆಯೇ ಕರಿಯರ ಬೆನ್ನ ಮೇಲೆ ಬಿದ್ದಿತ್ತು. ಇದು 'ಸ್ಕಾರ್‌ಫೇಸ್'ನಲ್ಲಿಲ್ಲ. ತನಗಿಂತ ಮೇಲಿನವನನ್ನು ಒದೆಯುವ ಟೋನಿಯನ್ನು ತೋರಿಸಿದರು, ತನಗಿಂತ ಕೆಳಗಿನವನನ್ನು ತುಳಿಯುವ ಟೋನಿಯನ್ನು ತೋರಿಸಲಿಲ್ಲ. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಸ್ಟೆಫನಿ ಸೇಂಟ್ ಕ್ಲೇರ್ ಎಂಬ ಕರಿಯ ಹೆಂಗಸು ಬಡವರ ಚಿಲ್ಲರೆ ಜೂಜಿನ ಧಣಿಯಾಗಿದ್ದಳು. ಪೊಲೀಸರ ಲಂಚವನ್ನು ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ ಬಯಲಿಗೆಳೆದ ಗಟ್ಟಿಗಿತ್ತಿ. 1930ರ ದಶಕದ ಮೊದಲಿಗೆ ಡಚ್ ಷುಲ್ಟ್ಜ್ ಎಂಬ ಬಿಳಿ ಗ್ಯಾಂಗ್‌ಸ್ಟರ್ ಗುಂಡಿನ ಬಲದಿಂದ ಆ ಜೂಜಿನ ವ್ಯವಹಾರವನ್ನು ಕರಿಯರ ಕೈಯಿಂದ ಕಿತ್ತುಕೊಂಡ. ಕಳ್ಳದಂಧೆಯಲ್ಲೂ ಬಣ್ಣದ ಮೆಟ್ಟಿಲುಗಳಿದ್ದವು.

ಅಮೆರಿಕದ ದಕ್ಷಿಣದ ರಾಜ್ಯಗಳ ಚಿತ್ರಮಂದಿರಗಳಲ್ಲಿ ಕರಿಯರು ಪಕ್ಕದ ಬೇರೆ ಬಾಗಿಲಿಂದ ಹತ್ತಿ ಬಾಲ್ಕನಿಯಲ್ಲೇ ಕೂರಬೇಕಿತ್ತು. ನಮ್ಮಲ್ಲಿ ಬಾಲ್ಕನಿ ದುಡ್ಡಿದ್ದವರ ಜಾಗ, ಅಲ್ಲಿ ಅದು ಹೊಲಗೇರಿ. ಜಾಗ ಮೇಲೋ ಕೆಳಗೋ ಎಂಬುದಲ್ಲ ಮುಖ್ಯ, ಬೇರೆ ಎಂಬುದೇ ಮುಖ್ಯ. ಈ ಸಿನಿಮಾಗಳ ಹಾವಳಿ ತಡೆಯಬೇಕು ಅಂತ ಕ್ರೈಸ್ತ ಪಾದ್ರಿಯೊಬ್ಬನ ನೆರವಿನಿಂದ ಬರೆದ ನೀತಿಸಂಹಿತೆಯನ್ನು 1930ರಲ್ಲಿ ಒಪ್ಪಿಕೊಂಡು, 1934ರ ಜುಲೈಯಿಂದ ಬಿಗಿಯಾಗಿ ಜಾರಿಗೆ ತಂದರು. ಅಪರಾಧಿಯ ಮೇಲೆ ಸಹಾನುಭೂತಿ ಬರಬಾರದು ಎಂದ ಅದೇ ಕಾಗದ, ಬಿಳಿಯರು ಕರಿಯರ ನಡುವಿನ ಪ್ರೇಮ, ಕೂಡುವಿಕೆಯನ್ನು ಪರದೆಯ ಮೇಲೆ ತೋರಿಸಲೇಬಾರದು ಎಂದೂ ವಿಧಿಸಿತು. ಗ್ಯಾಂಗ್‌ಸ್ಟರನಿಂದ ನೀತಿಯನ್ನು ಕಾಪಾಡಲು ಹೊರಟ ಮಡಿವಂತರ ನೀತಿ ಇದು.

ಇನ್ನು ಕಾರ್ಮಿಕ. 'ಸ್ಕಾರ್‌ಫೇಸ್'ನಲ್ಲಿ ನಿರುದ್ಯೋಗಿಗಳ ಸಾಲಿಲ್ಲ, ಮುಷ್ಕರವಿಲ್ಲ. ಅದು ತೆರೆಗೆ ಬರುವ ಹೊತ್ತಿಗೆ, 1932ರ ಮಾರ್ಚ್ 7ರಂದು, ಡಿಯರ್‌ಬೋರ್ನ್ ಊರಲ್ಲಿ ಕೆಲಸ ಕೇಳಿಕೊಂಡು ಫೋರ್ಡ್ ಕಾರು ಕಾರ್ಖಾನೆಯತ್ತ ಮೆರವಣಿಗೆ ಹೊರಟ ಹಸಿದ ಜನರ ಮೇಲೆ ಪೊಲೀಸರೂ ಫೋರ್ಡ್ ಕಾವಲುಪಡೆಯೂ ಗುಂಡು ಹಾರಿಸಿದರು. ನಾಲ್ವರು ಅಲ್ಲೇ ಸತ್ತರು, ಐದನೆಯವನು ಆಮೇಲೆ. ಆ ಕಾವಲುಪಡೆಗೆ ಜೈಲಿನಿಂದ ಬಂದವರನ್ನು, ರೌಡಿಗಳನ್ನು ಆರಿಸಿ ಸೇರಿಸುತ್ತಿದ್ದರು. ನಿಜದ ಗ್ಯಾಂಗ್‌ಸ್ಟರ್ ಬೇಕಾದಾಗ ಧಣಿಯ ಕೂಲಿಯಾಗುತ್ತಾನೆ; ಮುಷ್ಕರ ಮುರಿಯುತ್ತಾನೆ, ಸಂಘಕ್ಕೆ ನುಗ್ಗಿ ಚಂದಾ ನುಂಗುತ್ತಾನೆ. ಪರದೆಯ ಟೋನಿಗೆ ಆ ಕೆಲಸ ಕೊಟ್ಟಿದ್ದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರೋ ಇಲ್ಲವೋ.

ಅದೇ ಷಿಕಾಗೊದಲ್ಲಿ 1937ರ ಮೇ 30ರಂದು ಪೊಲೀಸರು ರಿಪಬ್ಲಿಕ್ ಸ್ಟೀಲ್ ಕಾರ್ಖಾನೆಯ ಮುಷ್ಕರನಿರತರ ಮೇಲೆ ಗುಂಡು ಹಾರಿಸಿ ಹತ್ತು ಜನರನ್ನು ಕೊಂದರು. ಬಹಳ ಜನಕ್ಕೆ ಗುಂಡು ಬಿದ್ದದ್ದು ಬೆನ್ನಿಗೆ. ಪ್ಯಾರಾಮೌಂಟ್ ಕಂಪನಿಯ ಸುದ್ದಿಚಿತ್ರದ ಕ್ಯಾಮೆರಾ ಅದನ್ನು ಹಿಡಿದಿತ್ತು. ತೋರಿಸಿದರೆ ಜನ ರೊಚ್ಚಿಗೇಳುತ್ತಾರೆ ಅಂತ ಕಂಪನಿ ಅದನ್ನು ಚಿತ್ರಮಂದಿರಗಳಿಗೆ ಬಿಡಲಿಲ್ಲ. ಸೆನೆಟ್ಟಿನ ಸಮಿತಿ ತರಿಸಿಕೊಂಡು ನೋಡಿದ ಮೇಲೆ ನಿಜ ಹೊರಬಿತ್ತು. ಟೋನಿಯ ಗುಂಡುಗಳನ್ನು ಉಪದೇಶ ಅಂಟಿಸಿ ತೋರಿಸಬಹುದಿತ್ತು. ಆ ಹತ್ತು ಬೆನ್ನುಗಳಿಗೆ ಅಂಟಿಸಬಹುದಾದ ಉಪದೇಶ ಯಾರ ಹತ್ತಿರವೂ ಇರಲಿಲ್ಲ.

ನ್ಯೂಯಾರ್ಕಿನ ವಿಮರ್ಶಕ ರಾಬರ್ಟ್ ವಾರ್ಷೊ 1948ರಲ್ಲಿ ಗ್ಯಾಂಗ್‌ಸ್ಟರನನ್ನು ದುರಂತನಾಯಕ ಎಂದ. ಗೆಲ್ಲಲೇಬೇಕು ಎಂಬ ಒತ್ತಾಯದಲ್ಲಿ ಬದುಕುವ ಸಮಾಜದಲ್ಲಿ ಗೆದ್ದವನು ಒಂಟಿ, ಒಂಟಿಯಾದವನಿಗೆ ಸಾವು. ಅವನು ನಮ್ಮ ಪರವಾಗಿ ಸತ್ತು ನಮ್ಮನ್ನು ಆ ಕ್ಷಣ ಬಿಡಿಸುತ್ತಾನೆ ಎಂಬುದು ಅವನ ವಾದದ ತಿರುಳು. ಬಹುಮಟ್ಟಿಗೆ ಸರಿ. ತಂಗಿ ಸತ್ತ ಮೇಲೆ ಟೋನಿ ಒಬ್ಬನೇ ಉಳಿದು ಗಡಗಡ ನಡುಗುವುದನ್ನು ನೋಡಿದವರಿಗೆ ಇದು ಹೊಳೆಯುತ್ತದೆ. ಆದರೆ ವಾರ್ಷೊನ 'ನಾವು' ಯಾರು? ಗೆಲ್ಲುವ ಪಂದ್ಯಕ್ಕೆ ಹೆಸರು ಕೊಡಲು ಬಿಟ್ಟವರಿಗೆ ಸೋಲಿನ ಭಯವಿರುತ್ತದೆ, ಅವರಿಗೆ ಟೋನಿಯ ಸಾವು ಬಿಡುಗಡೆ. ಪಂದ್ಯದ ಬಯಲಿಗೇ ಬಿಡದವನು ಟೋನಿಯ ಸಾವಿಗಲ್ಲ, ಅವನ ಅಂಗಿಗಳಿಗೆ ಟಿಕೆಟ್ ತಗೊಂಡ. ಸಾಯುವುದು ಅವನಿಗೆ ಹೇಗೂ ಗೊತ್ತಿತ್ತು. ಸಾಯುವ ಮುಂಚೆ ಒಬ್ಬ ತನ್ನಂಥವನು ಆ ದೀಪವನ್ನು ಓದಿ, ಇದರ ಮಾತನ್ನು ನಿಜ ಅಂತ ಹಿಡಿದರೆ ಏನಾಗುತ್ತದೆ ಅಂತ ನೋಡಿದ್ದು ಹೊಸದು.

ನಿಜದ ಕಪೋನ್ ಬೀದಿಯಲ್ಲಿ ಸಾಯಲಿಲ್ಲ, ಗಲ್ಲಿಗೂ ಹೋಗಲಿಲ್ಲ. 1939ರಲ್ಲಿ ಬಿಡುಗಡೆಯಾಗಿ 1947ರ ಜನವರಿ 25ರಂದು ಫ್ಲಾರಿಡಾದ ತನ್ನ ಸಮುದ್ರತೀರದ ಮನೆಯಲ್ಲಿ ಸತ್ತ. ಪಾನನಿರೋಧ 1933ರ ಡಿಸೆಂಬರಿನಲ್ಲೇ ಹೋಗಿತ್ತು. ಗ್ಯಾಂಗ್‌ಸ್ಟರ್ ಕ್ಯಾಗ್ನಿ 1935ರಲ್ಲಿ 'ಜಿ ಮೆನ್' ಸಿನಿಮಾದಲ್ಲಿ ಸರ್ಕಾರದ ಪತ್ತೇದಾರನ ವೇಷ ಹಾಕಿ ಅದೇ ಬಂದೂಕನ್ನು ಇನ್ನೊಂದು ಕಡೆಯಿಂದ ಹಿಡಿದ, ಸೆನ್ಸಾರಿಗೆ ಸಮಾಧಾನವಾಯಿತು. ಹ್ಯೂಸ್ 'ಸ್ಕಾರ್‌ಫೇಸ್' ಅನ್ನು ಚಲಾವಣೆಯಿಂದ ಹಿಂದಕ್ಕೆ ತಗೊಂಡು ದಶಕಗಟ್ಟಲೆ ಬೀಗ ಹಾಕಿಟ್ಟ. ಅವನು 1976ರಲ್ಲಿ ಸತ್ತ ಮೇಲೆ, 1979ರಲ್ಲಿ ಯೂನಿವರ್ಸಲ್ ಕಂಪನಿ ಅದರ ಹಕ್ಕು ಕೊಂಡಿತು. 1983ರಲ್ಲಿ ಬ್ರಯನ್ ಡಿ ಪಾಮ ಹಾಕ್ಸ್, ಹೆಕ್ಟ್ ಇಬ್ಬರಿಗೂ ಅರ್ಪಿಸಿ ಅದೇ ಹೆಸರಿನಲ್ಲಿ ಹೊಸ ಸಿನಿಮಾ ಮಾಡಿದ. ಈ ಸಲದ ಟೋನಿ, 1980ರಲ್ಲಿ ಮಾರಿಯೆಲ್ ಬಂದರಿನಿಂದ ಹೊರಟ ಸುಮಾರು ಒಂದೂಕಾಲು ಲಕ್ಷ ಜನರ ಜೊತೆ ದೋಣಿಯಲ್ಲಿ ಬಂದ ಕ್ಯೂಬಾದ ನಿರಾಶ್ರಿತ. ಹೆಂಡದ ಬದಲು ಕೊಕೇನ್. ದೀಪದ ಅಕ್ಷರಗಳು ಈಗ ಆಕಾಶದಲ್ಲಿ ತೇಲುವ ವಾಯುನೌಕೆಯ ಮೇಲೆ.

ಈ ಎರಡನೇ ಟೋನಿಯ ಚಿತ್ರಪಟ ಅಮೆರಿಕದ ಕರಿಯ ಹುಡುಗರ ಕೋಣೆಗಳ ಗೋಡೆ ಹತ್ತಿತು. 1994ರಲ್ಲಿ, ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಬಡವರ ಸರ್ಕಾರಿ ವಸತಿಯಲ್ಲಿ ಬೆಳೆದ ನಾಸ್ ಎಂಬ ಕರಿಯ ಹಾಡುಗಾರ, ಪ್ರವಾಸಿ ಕಂಪನಿಯ ಆ ಹಳೇ ಜಾಹೀರಾತಿನ ಮಾತನ್ನೇ ತನ್ನ ಹಾಡಿಗೆ ಹೆಸರಾಗಿ ಇಟ್ಟ. ಆಗ ಅವನಿಗೆ ಇಪ್ಪತ್ತು ವರ್ಷ.